ಗುಳಿಗೆ ಡಬ್ಬಿ ಬಚ್ಚಿಡಬೇಡ

ಕೊಪ್ಪಳ

ಮುದ್ದಿನ ಮಗಳೇ,

ಗವಿಮಠದ ದಾಸೋಹಕ್ಕೆ ರೊಟ್ಟಿ ಬಡಿಯಲು ಓಣಿಯವರೆಲ್ಲ ಸೇರಿದ್ದೆವು. ನೀನೊಬ್ಬಳೇ ಇರಲಿಲ್ಲ. ತಲೆನೋವು ಅಂದೆಯಂತೆ. ಹೋದ ವರ್ಷ ತೇರಿನ ಗದ್ದಲದಲ್ಲಿ ಫಿಟ್ಸ್ ಬಂದದ್ದು ನಿನ್ನ ಮನಸ್ಸಿನಿಂದ ಹೋಗಿಲ್ಲ.

ಬಿದ್ದದ್ದು ನೆನಪಿಲ್ಲ, ಕಣ್ಣು ಬಿಟ್ಟಾಗ ಸುತ್ತ ನಿಂತಿದ್ದ ಮುಖಗಳು ಮಾತ್ರ ನೆನಪು, ಅಲ್ವಾ? ನನಗೂ ಹಾಗೇ.

1991ರಲ್ಲಿ ನನ್ನ ಮದುವೆಯಾದಾಗ ಈ ವಿಷಯ ಬಾಯಿ ಬಿಡಬಾರದು ಅಂತ ಹಿರಿಯರು ಹೇಳಿದ್ದರು. ಅವರದೂ ಸುಮ್ನೆ ಹೆದರಿಕೆಯಲ್ಲ. ಆಗ ಹಿಂದೂ ವಿವಾಹ ಕಾನೂನಿನಲ್ಲೇ ಮೂರ್ಛೆರೋಗ ಅಡ್ಡಿಯಾಗಿತ್ತು. 1999ರಲ್ಲಿ ಅದನ್ನು ತೆಗೆದರು. ಗುಳಿಗೆಗಳನ್ನು ಜೋಳದ ಗಡಿಗೆಯಲ್ಲಿ ಬಚ್ಚಿಟ್ಟಿದ್ದೆ. ಅಡುಗೆಮನೆಯಲ್ಲಿ ಯಾರಾದರೂ ಕೂತಿದ್ದರೆ ಆ ಹೊತ್ತಿನ ಗುಳಿಗೆ ತಪ್ಪುತ್ತಿತ್ತು. ಹಾಗೆ ಎರಡು ದಿನ ತಪ್ಪಿ, ಸೀಗೆ ಹುಣ್ಣಿಮೆ ದಿನ ಹೊಲದಲ್ಲಿ ಬಿದ್ದೆ. ಯಾರೋ ಕೈಗೆ ಕೀಲಿಕೈ ತುರುಕಿದರು. ಯಾರೋ ಬಾಯಿಗೆ ಚಮಚ ಹಾಕಿದರು, ಹಲ್ಲು ಮುರಿಯಿತು. ನಿನ್ನ ದೊಡ್ಡಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಗುಳಿಗೆ ಹೊತ್ತಿಗೆ ನೀರಿನ ತಂಬಿಗೆ ತಂದು ಮುಂದಿಟ್ಟರು. ಅವತ್ತು ಎದೆ ಮೇಲಿನ ಕಲ್ಲು ಇಳಿದಂತಾಯಿತು. ಫಿಟ್ಸಿಗಿಂತ ಜಾಸ್ತಿ ನನ್ನನ್ನು ತಿಂದದ್ದು ಆ ಬಚ್ಚಿಡುವ ಕೆಲಸವೇ.

ಕಾಲೇಜಿನಲ್ಲಿ ಒಬ್ಬ ಗೆಳತಿಗಾದರೂ ಹೇಳು. ಮಗ್ಗುಲಿಗೆ ಹೊರಳಿಸು, ಬಾಯಿಗೆ ಏನೂ ಹಾಕಬೇಡ, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡು, ಇಷ್ಟೇ. ಅವಳಿಗೆ ಇದು ಗೊತ್ತಿದ್ದರೆ ನೀನು ನಿಶ್ಚಿಂತೆಯಿಂದ ಪಾಠ ಕೇಳಬಹುದು.

ಈಚೆಗೆ ನೀನು ಸಣ್ಣದಕ್ಕೂ ಸಿಡುಕುತ್ತೀ, ಆಮೇಲೆ ಒಬ್ಬಳೇ ಅಳುತ್ತೀ ಅಂತ ನಿಮ್ಮವ್ವ ಹೇಳಿದಳು. ಅದನ್ನೂ ಡಾಕ್ಟರಿಗೆ ಹೇಳಬೇಕು ಕಣೇ. ಈ ಕಾಯಿಲೆಯಲ್ಲಿ ಮನಸ್ಸು ಕುಗ್ಗುವುದುಂಟು. ಕೆಲವು ಗುಳಿಗೆಗಳಿಂದಲೂ ಹಾಗಾಗುತ್ತದೆ. ನನಗೆ ಗುಳಿಗೆ ಬದಲಿಸಿಕೊಟ್ಟ ಮೇಲೆ ಎಷ್ಟೋ ಹಗುರವಾಯಿತು. ಆದರೆ ನೀನಾಗಿಯೇ ನಿಲ್ಲಿಸಬೇಡ. ಹಾಗೆ ಮಾಡಿದರೆ ಫಿಟ್ಸ್ ಜೋರಾಗಿ ಬರಬಹುದು.

ಸರಿಯಾದ ಔಷಧ ಸಿಕ್ಕರೆ 100ರಲ್ಲಿ 70 ಮಂದಿಯವರೆಗೂ ಫಿಟ್ಸ್ ಇಲ್ಲದೆ ಬದುಕಬಹುದು. ನಾನು ಆ 70ರಲ್ಲಿ ಇಲ್ಲ. ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಬಂದ ದಿನ ಮಲಗುತ್ತೇನೆ, ಮರುದಿನ ಎದ್ದು ರೊಟ್ಟಿ ಬಡಿಯುತ್ತೇನೆ. ಒಲೆ ಮುಂದೆ ಒಬ್ಬಳೇ ಕೂರುವುದಿಲ್ಲ, ಅಷ್ಟೇ.

ದಾಸೋಹ ಇನ್ನೂ ಮುಗಿದಿಲ್ಲ. ಭಾನುವಾರ ಬಾ. ಹಿಂದಿನ ರಾತ್ರಿ ಮೊಬೈಲ್ ಬದಿಗಿಟ್ಟು ಕಣ್ತುಂಬ ನಿದ್ದೆ ಮಾಡು, ನಿದ್ದೆಗೆಟ್ಟರೆ ನಮ್ಮಂಥವರಿಗೆ ಆಗಿಬರುವುದಿಲ್ಲ. ಜನ ಕಡಿಮೆ ಇರುವ ಬೆಳಗಿನ ಹೊತ್ತಿಗೇ ಹೋಗಿ ಮಾದ್ಲಿ ಉಂಡು ಬರೋಣ. ನಿನ್ನ ಗುಳಿಗೆ ಡಬ್ಬಿ, ನನ್ನ ಗುಳಿಗೆ ಡಬ್ಬಿ, ಎರಡೂ ನನ್ನ ಚೀಲದಲ್ಲೇ ಇರಲಿ.

ನಿನ್ನ ದೊಡ್ಡವ್ವ