ಇಜ್ಯೂ ಮನೆಯ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಆಶೀರ್ವಾದಗಳು. ನಿನ್ನ ಕರಡನ್ನು ನಿಧಾನವಾಗಿ ಓದಿದೆ. ಫ್ರಾನ್ಸಿನ ಗುಡ್ಡಗಾಡಿನ ಇಜ್ಯೂ ಹಳ್ಳಿಯ ಹಳೆಯ ಮನೆಯೊಂದು ಎರಡನೇ ಮಹಾಯುದ್ಧದ ಕಾಲದಲ್ಲಿ ಯಹೂದಿ ಮಕ್ಕಳ ಆಶ್ರಯವಾದ ಕಥೆಯನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೀಯಲ್ಲ, ಅದೇ ನನಗೆ ದೊಡ್ಡ ಸಂತೋಷ. ವಿಷಯ ಚೆನ್ನಾಗಿ ಕಲೆಹಾಕಿದ್ದೀಯ. ಆದರೆ ಮೊದಲ ಸಾಲಿಗೇ 1944ರ ಏಪ್ರಿಲ್ 6 ಬಂದುಬಿಟ್ಟಿದೆ. ಅಂಗಳದಲ್ಲಿ ಲಾರಿಗಳು, ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ, ಕಿರುಚಾಟ. ಎರಡನೇ ಪುಟ ಮುಗಿಯುವಷ್ಟರಲ್ಲಿ ಮಕ್ಕಳು ಯಾರೂ ಉಳಿದಿಲ್ಲ. ಆಮೇಲಿನ ಪುಟಗಳ ತುಂಬ ನಿನ್ನ ದುಃಖವೇ ಇದೆ, ಮನೆ ಎಲ್ಲೂ ಕಾಣಿಸುವುದಿಲ್ಲ.

ಇಜ್ಯೂ ಮನೆಯಲ್ಲಿ ಮಕ್ಕಳು ಹೆಚ್ಚುಕಡಿಮೆ ಹನ್ನೊಂದು ತಿಂಗಳು ಬಾಳಿದರು. ಅವರನ್ನು ಹಿಡಿದೊಯ್ದದ್ದು ಒಂದು ಬೆಳಿಗ್ಗೆ. ಆ ಬೆಳಿಗ್ಗೆಯ ವರದಿಯನ್ನು ಹಿಡಿದೊಯ್ದವರೇ ಬರೆದಿಟ್ಟಿದ್ದಾರೆ. ಹನ್ನೊಂದು ತಿಂಗಳ ಬಾಳನ್ನು ಬರೆಯುವ ಕೆಲಸ ನಿನ್ನದು.

ಹಾಗಾಗಿ ಆ ಮನೆ ಅವರಿಗೆ ಹೇಗೆ ಸಿಕ್ಕಿತು ಎಂಬಲ್ಲಿಂದ ಶುರುಮಾಡು. ಸಾಬೀನ್ ಜ್ಲಾತಿನ್ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಹೆಂಗಸು, ನರ್ಸ್. ಯಹೂದಿ ವಿರೋಧಿ ಕಾನೂನಿನಿಂದ ಕೆಲಸ ಕಳೆದುಕೊಂಡವಳು. ದಕ್ಷಿಣ ಫ್ರಾನ್ಸಿನ ಆಗ್ದ್, ರಿವ್‌ಸಾಲ್ತ್ ಬಂಧನ ಶಿಬಿರಗಳಿಂದ ಮಕ್ಕಳನ್ನು ಬಿಡಿಸಿ ತರುವ ಕೆಲಸಕ್ಕೆ ಇಳಿದಳು. ಮಗುವನ್ನು ಹೊರಗೆ ಕಳಿಸಬೇಕಾದರೆ ಒಳಗಿದ್ದ ಅಪ್ಪ ಅಮ್ಮ ಒಪ್ಪಿಗೆ ಕೊಡಬೇಕಿತ್ತು. ಇದನ್ನು ನೀನು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀಯ. ಅಲ್ಲಿ ನಿಲ್ಲು. ಮುಂದೆ ಎಂದಾದರೂ ನೋಡುತ್ತೇವೋ ಇಲ್ಲವೋ ಗೊತ್ತಿಲ್ಲದೆ ಕೈಯಾರೆ ಕೂಸನ್ನು ಒಪ್ಪಿಸಿದ ತಾಯಂದಿರಿಂದಲೇ ಆ ಮನೆ ತುಂಬಿದ್ದು.

ಆಗ ರೋನ್ ನದಿಯ ಪೂರ್ವದ ಜಿಲ್ಲೆಗಳು ಇಟಲಿಯ ಸೇನೆಯ ಕೈಯಲ್ಲಿದ್ದವು. ಇಟಲಿಯವರು ಯಹೂದಿಗಳನ್ನು ಜರ್ಮನರಿಗೆ ಒಪ್ಪಿಸುತ್ತಿರಲಿಲ್ಲ. ಬೀದರಿನಲ್ಲೋ ಕುಂದಾಪುರದಲ್ಲೋ ಕೂತು ಓದುವವರಿಗೆ ಇದು ಗೊತ್ತಿರುವುದಿಲ್ಲ, ಇದು ಗೊತ್ತಾಗದಿದ್ದರೆ ಅಷ್ಟು ದೂರದ ಹಳ್ಳಿಗೆ ಯಾಕೆ ಹೋದರು ಎಂಬುದೂ ತಿಳಿಯುವುದಿಲ್ಲ. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು, ಜರ್ಮನರು ಬಂದರು. ಮನೆ ಅದೇ, ಮಕ್ಕಳು ಅವರೇ, ಕಾಲ ಕೆಳಗಿನ ನೆಲ ಮಾತ್ರ ಬೇರೆಯಾಯಿತು.

ಮನೆ ಹುಡುಕಿಕೊಟ್ಟದ್ದು ಹತ್ತಿರದ ಬೆಲ್ಲೇ ಪಟ್ಟಣದ ಉಪವಿಭಾಗಾಧಿಕಾರಿ ಪಿಯೆರ್ ಮಾರ್ಸೆಲ್ ವಿಲ್ಟ್ಸೆರ್. ಅವನು ಜರ್ಮನರ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಷಿ ಸರ್ಕಾರದ ನೌಕರ. ಯಹೂದಿಗಳ ವಿರುದ್ಧ ಕಾನೂನು ಮಾಡಿದ ಸರ್ಕಾರದ ಕುರ್ಚಿಯಲ್ಲಿ ಕೂತೇ ಈ ಮಕ್ಕಳ ಬೆನ್ನಿಗೆ ನಿಂತ. ನೀನು ಅವನನ್ನು ದೇವರ ಹಾಗೆ ಬರೆದಿದ್ದೀಯ. ಬೇಡ. ಅವನು ಮಾಡಿದ ಕೆಲಸಗಳನ್ನು ಒಂದೊಂದಾಗಿ ಹೇಳು, ಸಾಕು. ಅವನಿಗೆ ಬೇರೆ ಊರಿಗೆ ವರ್ಗವಾದ ಮೇಲೆ ಮನೆಗಿದ್ದ ಆಸರೆ ಹೋಯಿತು ಎಂಬುದನ್ನೂ ಹೇಳು. ಮನೆಗೆ ಇಟ್ಟ ಹೆಸರನ್ನು ಬಿಡಬೇಡ: 'ಎರೋ ಜಿಲ್ಲೆಯ ನಿರಾಶ್ರಿತ ಮಕ್ಕಳ ವಸತಿ'. ಯಹೂದಿ ಎಂಬ ಶಬ್ದ ಅದರಲ್ಲಿಲ್ಲ.

ಇನ್ನು ದಿನಗಳ ವಿಷಯ. ಮನೆಗೆ ನಲ್ಲಿ ಇರಲಿಲ್ಲ. ಮಕ್ಕಳು ಅಂಗಳದ ಕಾರಂಜಿ ತೊಟ್ಟಿಯಲ್ಲೇ ಮುಖ ತೊಳೆಯಬೇಕಿತ್ತು. ಸಾಬೀನಳ ಗಂಡ ಮಿರೋನ್ ಸೈಕಲ್ಲಿಗೆ ಪುಟ್ಟ ಗಾಡಿ ಕಟ್ಟಿಕೊಂಡು ದಿನಸಿ ತರಲು ಹೋಗುತ್ತಿದ್ದ. ಅದು ಬೆಟ್ಟದ ದಾರಿ, ರೇಷನ್ನಿನ ಕಾಲ, ಉಣ್ಣುವ ಬಾಯಿ ನಾಲ್ಕು ಡಜನ್. ನಿನ್ನ ಒಂದು ಅಧ್ಯಾಯಕ್ಕೆ ಆ ಸೈಕಲ್ ಸಾಲದೆ? 1943ರ ಅಕ್ಟೋಬರಿನಲ್ಲಿ ಯುವ ಶಿಕ್ಷಕಿಯೊಬ್ಬಳು ಬಂದಳು, ಮನೆಯೊಳಗೇ ತರಗತಿ ಶುರುವಾಯಿತು. ಮಕ್ಕಳು ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ಸಿನಿಮಾ ರೀಲಿನಂತೆ ಚಿತ್ರಕಥೆ ಬರೆದರು. ವಿಯೆನ್ನಾದಲ್ಲಿ ಹುಟ್ಟಿದ ಎಂಟು ವರ್ಷದ ಜಾರ್ಜಿ ಹಾಲ್ಪರ್ನ್ ಅಪ್ಪ ಅಮ್ಮನಿಗೆ ಪತ್ರ ಬರೆಯುತ್ತಿದ್ದ. ಆಟ, ಊಟ, ಕೊನೆಗೆ ಲೆಕ್ಕಕ್ಕೆ ಸಿಗದಷ್ಟು ಮುತ್ತುಗಳು. ಆ ಪತ್ರಗಳ ಮಗುವಿಗೆ ಭಯ ಗೊತ್ತಿತ್ತೋ ಇಲ್ಲವೋ, ಊಹೆ ಮಾಡಬೇಡ. ಅವನು ಬರೆದದ್ದನ್ನು ಬರೆದ ಹಾಗೇ ಇಡು.

ದಾಖಲೆ ಓದುವುದನ್ನು ಇಲ್ಲೇ ಕಲಿತುಕೋ. ಮಕ್ಕಳನ್ನು ಹಿಡಿದೊಯ್ದ ದಿನ ಸಂಜೆ ಲಿಯಾನ್‌ನಿಂದ ಪ್ಯಾರಿಸ್ಸಿಗೆ ಅಲ್ಲಿನ ಗೆಸ್ಟಾಪೊ ಮುಖ್ಯಸ್ಥ ಕ್ಲೌಸ್ ಬಾರ್ಬಿಯ ಹೆಸರಲ್ಲಿ ತಂತಿ ಹೋಯಿತು. 3ರಿಂದ 13 ವರ್ಷದ 41 ಮಕ್ಕಳು, 10 ಮಂದಿ ಸಿಬ್ಬಂದಿ ಎಂದಿದೆ. ನೀನು 41 ಎಂದೇ ಎತ್ತಿ ಬರೆದಿದ್ದೀಯ. ನಿಜವಾಗಿ ಹಿಡಿದದ್ದು 44 ಮಕ್ಕಳನ್ನು, 7 ಮಂದಿ ದೊಡ್ಡವರನ್ನು. ಕೂಡಿದರೆ ಎರಡೂ 51. ಮೀಸೆ ಚಿಗುರುತ್ತಿದ್ದ ಹುಡುಗರನ್ನು ದೊಡ್ಡವರ ಲೆಕ್ಕಕ್ಕೆ ಹಾಕಿದಂತೆ ಕಾಣುತ್ತದೆ. ಅದೇ ತಂತಿಯಲ್ಲಿ ಇನ್ನೊಂದು ಸಾಲಿದೆ: ನಗದಾಗಲಿ ಬೆಲೆಬಾಳುವ ಬೇರೆ ವಸ್ತುವಾಗಲಿ ಸಿಗಲಿಲ್ಲ. ಮಕ್ಕಳ ಮನೆಗೆ ನುಗ್ಗಿ ಹಣ ಹುಡುಕಿದವರ ಬಗ್ಗೆ ನೀನು 'ಕ್ರೂರ', 'ರಾಕ್ಷಸ' ಎಂಬ ವಿಶೇಷಣಗಳನ್ನು ಸುರಿದಿದ್ದೀಯ. ಅವನ್ನೆಲ್ಲ ತೆಗೆದು ಈ ಒಂದು ಸಾಲು ಇಡು. ಸಾಬೀನ್ ಆಗ ಮೊಂಪೆಲಿಯೇ ನಗರದಲ್ಲಿದ್ದಳು, ಮಕ್ಕಳನ್ನು ಬೇರೆಡೆ ಬಚ್ಚಿಡಲು ಜಾಗ ಹುಡುಕುತ್ತ. ಅವಳಿಗೆ ಬಂದ ತಂತಿಯಲ್ಲಿ ಇದ್ದದ್ದು, ಮನೆಮಂದಿಗೆ ಕಾಯಿಲೆ, ಸೋಂಕು ರೋಗ ಎಂದು. ಹಿಡಿದೊಯ್ದ ಸುದ್ದಿಯನ್ನು ಮರೆಮಾಡಿ ಹೇಳಿದ ಮಾತು ಅದು. ಆ ಎರಡು ತಂತಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗು.

'ಗೋಡೆಗಳು ಅತ್ತವು', 'ಕಿಟಕಿಗಳು ಮೂಕವಾದವು' ಎಂಬ ಸಾಲುಗಳಿಗೆ ಗೆರೆ ಎಳೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಅಲ್ಲಿನ ಒಂದು ಕಿಟಕಿಯಿಂದ ವೈದ್ಯವಿದ್ಯಾರ್ಥಿ ಲಿಯೋನ್ ರೈಫ್‌ಮನ್ ಹೊರಕ್ಕೆ ಹಾರಿ ಪಾರಾದ. ಕಿಟಕಿಗೆ ಅಷ್ಟು ಕೆಲಸವಿರುವಾಗ ಅಲಂಕಾರ ಯಾಕೆ?

ಕಥೆ 1944ಕ್ಕೆ ನಿಲ್ಲುವುದೂ ಸರಿಯಲ್ಲ. 42 ಮಕ್ಕಳು ನಾಜಿಗಳ ಕೊಲೆ ಶಿಬಿರವಾಗಿದ್ದ ಆಶ್ವಿಟ್ಜ್‌ನಲ್ಲಿ ತೀರಿದರು. ಇಬ್ಬರು ಹುಡುಗರನ್ನೂ ಮಿರೋನ್‌ನನ್ನೂ ಎಸ್ಟೋನಿಯಾದಲ್ಲಿ ಗುಂಡಿಟ್ಟು ಕೊಂದರು. ಹಿಡಿದೊಯ್ದವರಲ್ಲಿ ಬದುಕಿ ಬಂದವಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಲೇಯಾ ಫೆಲ್ಡ್‌ಬ್ಲಮ್ ಒಬ್ಬಳೇ. ಬಾರ್ಬಿ ಬೊಲಿವಿಯಾದಲ್ಲಿ ಬೇರೆ ಹೆಸರಲ್ಲಿ ಹಾಯಾಗಿದ್ದ. 1983ರಲ್ಲಿ ಅವನನ್ನು ಫ್ರಾನ್ಸಿಗೆ ತಂದರು. 1987ರಲ್ಲಿ ಲಿಯಾನ್ ನ್ಯಾಯಾಲಯದಲ್ಲಿ ಅದೇ ತಂತಿ ಸಾಕ್ಷಿಯಾಯಿತು, ಸಾಬೀನ್ ಬಂದು ನುಡಿದಳು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬಂದು ನುಡಿದರು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಮೊಕದ್ದಮೆಯ ಬಳಿಕವೇ ಮನೆಯನ್ನು ಕೊಂಡು ಉಳಿಸುವ ಕೆಲಸ ನಡೆದದ್ದು. 1994ರ ಏಪ್ರಿಲ್ 24ರಂದು ಅಧ್ಯಕ್ಷ ಮಿತ್ತೆರಾಂ ಅದನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ತೆರೆದರು. ಮಕ್ಕಳ ಪತ್ರ, ಚಿತ್ರಗಳನ್ನು ಸಾಬೀನ್ ಬರಿದಾದ ಮನೆಯಿಂದ ಆಯ್ದು ಇಟ್ಟುಕೊಂಡಿದ್ದಳು. ಈಗ ಅವು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ನೀನು ಹತ್ತಿರದಲ್ಲೇ ಇದ್ದೀಯ, ಅನುಮತಿ ಕೇಳಿ ನೋಡು.

ಪುಸ್ತಕದಲ್ಲಿ 44 ಹೆಸರುಗಳೂ ಬರಲಿ. ವಯಸ್ಸು, ಹುಟ್ಟಿದ ಊರಿನ ಸಮೇತ. ಉಚ್ಚಾರಣೆಯನ್ನು ಬಲ್ಲವರ ಬಾಯಿಂದ ಕೇಳಿಕೊಂಡೇ ಕನ್ನಡಕ್ಕೆ ಇಳಿಸು. ಪುಟ ಹೆಚ್ಚಾಯಿತು ಎಂದು ಪ್ರಕಾಶಕರು ಆ ಪಟ್ಟಿಗೆ ಕೈಹಾಕಿದರೆ, ನನ್ನ ಮುನ್ನುಡಿ ಕೈಬಿಡಲು ಹೇಳು.

ನಿನ್ನ ಅಣ್ಣ