ಸಭಾಂಗಣವೂ ವಾದ್ಯದ ಭಾಗವೇ

ಮಾನ್ಯ ಸಂಪಾದಕರೇ,

ವಿದೇಶದ ಸಂಗೀತ ಸಭಾಂಗಣಗಳಲ್ಲಿ ಹೊಸ ಪೈಪ್ ಆರ್ಗನ್‌ನ (ಕೀಲಿಮಣೆ ಒತ್ತಿದಾಗ ಕೊಳವೆಗಳಲ್ಲಿ ಗಾಳಿ ಹಾಯ್ದು ನುಡಿಯುವ ದೊಡ್ಡ ವಾದ್ಯ) ಉದ್ಘಾಟನಾ ಕಛೇರಿ ನಡೆದಾಗ ನಮ್ಮಲ್ಲಿ ಬರುವ ಸುದ್ದಿ ಕೊಳವೆಗಳ ಸಂಖ್ಯೆ ಮತ್ತು ಖರ್ಚಿನ ಲೆಕ್ಕದಲ್ಲೇ ಮುಗಿಯುತ್ತದೆ. ಬೆಂಗಳೂರಿನವರು ಗಮನಿಸಬೇಕಾದ ಸಂಗತಿ ಬೇರೆಯಿದೆ.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಸಂಗೀತ ಭವನ ತೆರೆದದ್ದು 2011ರಲ್ಲಿ. ಅಲ್ಲಿನ ಆರ್ಗನ್ ಉದ್ಘಾಟನೆಯಾದದ್ದು 2024ರ ಜನವರಿಯಲ್ಲಿ. ಅದಕ್ಕೆಂದು 10 ಲಕ್ಷ ಯೂರೊ ದಾನ ಕೊಟ್ಟಿದ್ದ ಸಂಯೋಜಕಿ ಕೈಯಾ ಸಾರಿಯಾಹೊ ಅದನ್ನು ಕೇಳಲು ಉಳಿಯಲಿಲ್ಲ, 2023ರ ಜೂನ್‌ನಲ್ಲಿ ತೀರಿಕೊಂಡರು. ಇಂಥ ವಾದ್ಯದ ಕೊಳವೆಗಳನ್ನು ನಿಲ್ಲಿಸಿದ ಮೇಲೂ, ಒಂದೊಂದರ ಬಾಯಿಯನ್ನು ಅದೇ ಸಭಾಂಗಣದಲ್ಲಿ ತಿದ್ದಿ, ಅಲ್ಲಿನ ಗೋಡೆ ಛಾವಣಿಗಳಿಗೆ ದನಿಯನ್ನು ಒಗ್ಗಿಸಬೇಕಾಗುತ್ತದೆ. ಸುತ್ತ ಸದ್ದಿದ್ದರೆ ಆ ಕೆಲಸ ಸಾಗದು. ಸೆಖೆ ಏರಿದರೆ ಕೊಳವೆಗಳ ಶ್ರುತಿಯೂ ಏರುತ್ತದೆ, ಆದರೆ ಒಳಗಿನ ಲೋಹದ ನಾಲಗೆ (ರೀಡ್) ಅದುರಿ ನುಡಿಯುವ ಕೊಳವೆಗಳು ಅಷ್ಟೇ ಏರದ ಕಾರಣ ಒಂದಕ್ಕೊಂದು ಕೂಡುವುದಿಲ್ಲ.

ಇಂಥ ಕಛೇರಿಗಳಲ್ಲಿ ಮೇಲಿಂದ ಮೇಲೆ ನುಡಿಸುವ ಕೃತಿ ಫ್ರಾನ್ಸಿನ ಸಂಯೋಜಕ ಸಾಂಸಾನ್ಸ್ ಅವರು 1886ರಲ್ಲಿ ರಚಿಸಿದ ಮೂರನೆಯ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆಂದು ಬರೆದ ಕೃತಿ. ಅದರ ಕೊನೆಯ ಭಾಗದಲ್ಲಿ ಆರ್ಗನ್ ಒಮ್ಮೆಲೇ ಮೊಳಗುವುದನ್ನು ಎಲ್ಲರೂ ಮೆಚ್ಚುತ್ತಾರೆ. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಅದಕ್ಕೂ ಬಹಳ ಮುಂಚೆ, ನಿಧಾನ ಗತಿಯ ಭಾಗದಲ್ಲಿ ನಡೆದುಹೋಗಿರುತ್ತದೆ. ಅಲ್ಲಿ ಪಿಟೀಲುಗಳ ಹಿಂದೆ ಆರ್ಗನ್ ತಂಬೂರಿ ಮೀಟಿದಂತೆ ಮೆಲ್ಲಗೆ ಸೇರಿಕೊಳ್ಳುತ್ತದೆ. ಸಭಾಂಗಣ ನಿಶ್ಶಬ್ದವಾಗಿಲ್ಲದಿದ್ದರೆ ಅದು ಬಂದದ್ದೇ ತಿಳಿಯದು.

ಕಳೆದ ತಿಂಗಳು ನಮ್ಮ ನಗರದ ಸಭಾಂಗಣವೊಂದರಲ್ಲಿ, ಗಾಯಕಿ ತಂಬೂರಿ ಶ್ರುತಿ ಮಾಡಿ ಮುಗಿಸುವ ಹೊತ್ತಿಗೆ ಎಸಿ ಹಾಕಿದರು. ವರ್ಣ ಮುಗಿಯುತ್ತಲೇ ಆಕೆ ಮತ್ತೆ ಬಿರಡೆ ತಿರುವಬೇಕಾಯಿತು. ಎಸಿಯ ಗೊರಗೊರ ಸದ್ದನ್ನು ಮೀರಿಸಲು ಮೈಕಿನವರು ದನಿ ಏರಿಸಿದರು, ಮೈಕು ಕೀರಲಿಟ್ಟಿತು, ಮೃದಂಗದ ತೊಪ್ಪಿಯ ನಾದ ಬರೀ ಗುದ್ದಿನಂತೆ ಕೇಳಿಸಿತು.

ಬೆಂಗಳೂರಿಗೆ ಪೈಪ್ ಆರ್ಗನ್ ಬೇಕೇ ಬೇಕೆಂದು ನಾನು ಹೇಳುತ್ತಿಲ್ಲ (ಕಂಪನಿ ನಾಟಕದ ಕಾಲು ಹಾರ್ಮೋನಿಯಂನ ತಿದಿ ಒತ್ತಿ ಕಲಿತವನಾದ್ದರಿಂದ ಆಸೆಯಂತೂ ಇದೆ). ಇನ್ನು ಮುಂದೆ ಇಲ್ಲಿ ಕಟ್ಟುವ ಸಭಾಂಗಣಗಳ ನಕ್ಷೆ ಬರೆಯುವಾಗಲೇ ಧ್ವನಿತಜ್ಞರನ್ನು ಕರೆಸಲಿ. ಉದ್ಘಾಟನೆಗೆ ದಿನ ಗೊತ್ತುಮಾಡುವ ಮುನ್ನ, ಎಸಿ ಓಡುತ್ತಿರುವಾಗಲೇ ಮೈಕಿಲ್ಲದೆ ವೀಣೆ ನುಡಿಸಿಸಿ, ಅಧಿಕಾರಿಗಳು ಕೊನೆಯ ಸಾಲಿನಲ್ಲಿ ಕೂತು ಕೇಳಲಿ.

– ನಿವೃತ್ತ ಸಂಗೀತ ಶಿಕ್ಷಕ, ಬಸವನಗುಡಿ, ಬೆಂಗಳೂರು