ತುರ್ತು ಬಾಗಿಲಿಗೆ ಚಿತ್ರಾನ್ನದ ಪಾತ್ರೆ ಅಡ್ಡ

ಮಾನ್ಯರೇ,

ನಮ್ಮ ಬಡಾವಣೆಯ ಶಾಲಾ ಮಕ್ಕಳು ಬನ್ನೇರುಘಟ್ಟ ಪ್ರವಾಸಕ್ಕೆ ಹೋಗಿ ಕತ್ತಲಾದ ಮೇಲೂ ರಸ್ತೆ ಬದಿಯಲ್ಲಿ ಕುಳಿತಿದ್ದ ಸುದ್ದಿ ತಮ್ಮ ಪತ್ರಿಕೆಯಲ್ಲಿ ಬಂದಿದೆ. ಬಸ್ಸು ಕೆಟ್ಟು ನಿಂತದ್ದೇ ಕಾರಣವೆಂದು ವರದಿ ಹೇಳುತ್ತದೆ. ಆ ಬಸ್ಸಿನಲ್ಲಿದ್ದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ತಾತನಾಗಿ ನಾನು ಹೇಳಬೇಕಾದದ್ದು, ಅವಾಂತರ ಶುರುವಾದದ್ದು ಬಸ್ಸಿನಿಂದಲ್ಲ.

ಪ್ರವಾಸ ಹೊರಟದ್ದು ಮಂಗಳವಾರ. ಜೈವಿಕ ಉದ್ಯಾನಕ್ಕೆ ಅಂದು ವಾರದ ರಜೆ ಎಂಬುದನ್ನು ಒಂದು ಫೋನ್ ಮಾಡಿ ತಿಳಿದುಕೊಳ್ಳುವಷ್ಟು ವ್ಯವಧಾನವೂ ಶಾಲೆಯವರಿಗೆ ಇರಲಿಲ್ಲ. ಮುಚ್ಚಿದ ಗೇಟಿನ ಮುಂದೆ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ, ಇನ್ನೆಲ್ಲಿಗೆ ಹೋಗುವುದೆಂದು ಚಾಲಕನನ್ನೇ ಕೇಳಿ, ಆತ ಹೇಳಿದ ಕಡೆಯೆಲ್ಲ ಸುತ್ತಿಸಿದ್ದಾರೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂಬ ಹೆದರಿಕೆಗೆ ನನ್ನ ಮೊಮ್ಮಗಳು ಮಧ್ಯಾಹ್ನದಿಂದ ನೀರನ್ನೇ ಕುಡಿದಿರಲಿಲ್ಲ.

ಇತ್ತ ನಾವು ಶಾಲೆಯ ಗೇಟಿನ ಮುಂದೆ ಕಾಯುತ್ತಿದ್ದೆವು. ಸುತ್ತೋಲೆಯಲ್ಲಿ ಕೊಟ್ಟಿದ್ದ ಒಂದೇ ಒಂದು ಮೊಬೈಲ್ ಸಂಖ್ಯೆ ಸ್ವಿಚ್ ಆಫ್ ಆಗಿತ್ತು. ಸೊಸೆ ಕಚೇರಿಯಿಂದ ಅರ್ಧಕ್ಕೇ ಎದ್ದು ಬಂದಳು, ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿತು. ಕೊನೆಗೆ ನಾವೇ ಆಟೊ ಮಾಡಿಕೊಂಡು ಹುಡುಕಿಕೊಂಡು ಹೋಗಿ ನೋಡಿದರೆ, ಆ ಬಾಡಿಗೆ ಬಸ್ಸಿನ ತುರ್ತು ಬಾಗಿಲಿಗೆ ಅಡ್ಡವಾಗಿ ಚಿತ್ರಾನ್ನದ ದೊಡ್ಡ ಪಾತ್ರೆ ಇಟ್ಟಿದ್ದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಳಗೆ ಪೆಟ್ರೋಲ್ ಬಂಕಿನ ರಸೀದಿಗಳನ್ನು ಬಿಟ್ಟರೆ ಒಂದು ತುಂಡು ಹತ್ತಿಯೂ ಇರಲಿಲ್ಲ. ಮಕ್ಕಳನ್ನು ಒಯ್ಯುವ ಬಸ್ಸಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅಗ್ನಿಶಾಮಕ ಸಾಧನ, ಒಬ್ಬ ಸಹಾಯಕ ಇರಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ! 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತದ್ದನ್ನು ಕಂಡ ಮೇಲೂ ಇವರಿಗೆ ಬುದ್ಧಿ ಬರಲಿಲ್ಲವೆಂದರೆ ಇನ್ನು ಯಾವಾಗ ಬರುತ್ತದೆ? ಪೋಷಕರಿಂದ ಸಹಿ ಹಾಕಿಸಿಕೊಂಡ ಅನುಮತಿ ಪತ್ರದಲ್ಲಿ ಮಾತ್ರ 'ಅನಾಹುತಕ್ಕೆ ಶಾಲೆ ಹೊಣೆಯಲ್ಲ' ಎಂದು ಮರೆಯದೆ ಅಚ್ಚು ಹಾಕಿಸಿದ್ದಾರೆ.

ಚಿಕ್ಕ ಮಕ್ಕಳನ್ನು ದೂರ ಕರೆದೊಯ್ಯುವ ಅಗತ್ಯವಾದರೂ ಏನು? ಬನಶಂಕರಿಯಿಂದ ಲಾಲ್‌ಬಾಗಿಗೆ ಹಸಿರು ಮಾರ್ಗದ ಮೆಟ್ರೊ ಇದೆ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ತೋರಿಸಿ, ಮರದ ನೆರಳಲ್ಲಿ ಊಟ ಮಾಡಿಸಿ, ಮಧ್ಯಾಹ್ನದೊಳಗೆ ಮನೆ ಮುಟ್ಟಿಸಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಅರ್ಧ ದಿನ ಸಾಕು.

ಪ್ರವಾಸಕ್ಕೆ ಅನುಮತಿ ಕೊಡುವ ಅಧಿಕಾರಿಗಳು ಬಸ್ಸನ್ನು ಕಣ್ಣಿಂದ ನೋಡುತ್ತಾರೆಯೇ ಅಥವಾ ಕಡತಕ್ಕೆ ಮೊಹರು ಒತ್ತಿ ಕಳಿಸುತ್ತಾರೆಯೇ? ಅವರೊಬ್ಬರನ್ನೇ ಏಕೆ ದೂರಲಿ! ಮಕ್ಕಳು ಬಸ್ಸು ಹತ್ತುವ ಜಾಗದಲ್ಲೇ ಚರಂಡಿಯ ಚಪ್ಪಡಿ ಒಡೆದು ಬಾಯ್ತೆರೆದಿದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ, ಹೋದಾಗಲೆಲ್ಲ 'ಇಂಜಿನಿಯರ್ ಸಾಹೇಬರು ಸ್ಥಳ ಪರಿಶೀಲನೆಗೆ ಹೋಗಿದ್ದಾರೆ' ಎಂಬ ಒಂದೇ ಉತ್ತರ.

ಆ ಶಾಲೆಯ ಆಡಳಿತ ಮಂಡಳಿಯ ಮೇಲೆ ಕಠಿಣ ಕ್ರಮ ಜರುಗಿಸಬೇಕು, ಅನುಮತಿ ಕೊಟ್ಟವರನ್ನೂ ಬಿಡಬಾರದು, ಚಪ್ಪಡಿಯನ್ನೂ ಕೂಡಲೇ ಹಾಕಿಸಬೇಕು. ಹೆತ್ತವರ ಹೊಟ್ಟೆ ಉರಿಸುವ ಇಂಥ ಬೇಜವಾಬ್ದಾರಿಗೆ ನಾಚಿಕೆಯಾಗಬೇಕು.

– ನೊಂದ ಹಿರಿಯ ನಾಗರಿಕ, ಬನಶಂಕರಿ, ಬೆಂಗಳೂರು